ಹನ್ನೆರಡು ವೋಲ್ಟಿನ ಸಂಸಾರ

ಚಿನ್ಮಯಿ, ಅಭಿ, ನೀವಿಬ್ಬರೂ ರಜೆಗೆ ಬಂದಾಗಲೆಲ್ಲ ನನ್ನದೊಂದು ಚಾಳಿ ಕಂಡು ನಗುತ್ತೀರಿ. ಗೋಡೆಗೆ ಸಿಕ್ಕಿಸಿದ ಮೊಬೈಲು ಚಾರ್ಜರನ್ನು ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ಹಿಂಗೈಯಿಂದ ಮುಟ್ಟಿ ನೋಡುತ್ತೇನೆ. ಮಿಕ್ಸಿಯ ವೈರು, ಇಸ್ತ್ರಿಪೆಟ್ಟಿಗೆಯ ವೈರು, ಟಿ.ವಿ.ಯ ಹಿಂದಿನ ವೈರು, ಯಾವುದನ್ನೂ ಬಿಡುವುದಿಲ್ಲ. "ಅಜ್ಜಿ, ಅದಕ್ಕೆ ಜ್ವರ ಬಂದಿದೆಯಾ?" ಎಂದು ಮೊನ್ನೆ ಅಭಿ ಕೇಳಿದ. "ಜ್ವರ ಇಲ್ಲ, ಮೈ ಸ್ವಲ್ಪ ಬೆಚ್ಚಗಿದೆ" ಎಂದೆ. ನೀವು ಬಿದ್ದು ಬಿದ್ದು ನಕ್ಕಿರಿ. ನಾನು ತಮಾಷೆಗೆ ಹೇಳಿರಲಿಲ್ಲ.

ಊರಿಗೆ ಹೋದ ಮೇಲೆ ಚಿನ್ಮಯಿ ಫೋನಿನಲ್ಲಿ, ಆ ಚಾಳಿ ಹೇಗೆ ಬಂತು ಬರೆದು ಕಳಿಸು ಎಂದಳು. ಬರೆಯುವುದೇ ಸರಿ. ನಾಲ್ಕು ಜನರ ಮುಂದೆ ಬಾಯಿ ತೆರೆದರೆ ನನಗೆ ಮೊದಲು ಕಿವಿ ಬಿಸಿಯಾಗುತ್ತದೆ, ಆಮೇಲೆ ಹೇಳಬೇಕಾದದ್ದು ಮರೆತುಹೋಗುತ್ತದೆ. ಕಾಗದವಾದರೆ ನನ್ನ ಮುಖ ನೋಡುವುದಿಲ್ಲ. ಆದರೂ ಒಂದು ಕಡೆ ಕೂತು ಬರೆಯಲು ಆಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಬಂದೆ. ಒಮ್ಮೆ ಹಾಲು ನೋಡಲು, ಇನ್ನೊಮ್ಮೆ ಯಾಕೆಂದು ನನಗೇ ಗೊತ್ತಿಲ್ಲ. ಈ ಕಾಲು ನಿಲ್ಲದ ಗುಣ ನಿಮ್ಮ ಅಜ್ಜನಿಂದ ನನಗೆ ಅಂಟಿದ್ದು. ಅವರು ಹೋಗಿ ಎರಡು ವರ್ಷವಾದರೂ ಬಿಟ್ಟುಹೋಗಿಲ್ಲ.

ಅಜ್ಜ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು ಎಂಬುದು ನಿಮಗೆ ಗೊತ್ತು. ಮೂರು ಪಾಳಿಯ ಕೆಲಸ. ದೊಡ್ಡ ದೊಡ್ಡ ಮೋಟಾರು, ಕ್ರೇನು, ನಾನೂರ ನಲವತ್ತು ವೋಲ್ಟು. ಆ ಅಂಕಿಯನ್ನು ಅವರು ಹೇಳುತ್ತಿದ್ದ ರೀತಿಯೇ ಬೇರೆ, ಬೇರೆಯವರು ತಮ್ಮ ಮನೆತನದ ಹೆಸರು ಹೇಳುವ ಹಾಗೆ. ಒಂದು ದಿನ ಕಾರ್ಖಾನೆಯವರು, ಬೇಕಾದವರು ಮುಂಚೆಯೇ ನಿವೃತ್ತಿ ತೆಗೆದುಕೊಳ್ಳಬಹುದು ಎಂದರು. ಇವರ ಜೊತೆಯವರೆಲ್ಲ ಅರ್ಜಿ ಹಾಕಿದರು, ಇವರೂ ಹಾಕಿದರು. ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗದ ಹೊಸ ಬಡಾವಣೆಯಲ್ಲಿ ಕಟ್ಟಿಸಿದ್ದ ಮನೆಗೆ ಬಂದೆವು.

ಬಂದ ಒಂದು ವಾರಕ್ಕೆ ನನಗೆ ತಿಳಿಯಿತು, ಈ ಮನುಷ್ಯನಿಗೆ ಕೂರಲು ಬರುವುದಿಲ್ಲ ಎಂದು. ಮದುವೆಯಾದಾಗಿನಿಂದ ಅವರು ಮನೆಯಲ್ಲಿ ಮಲಗಿದ್ದನ್ನು ನೋಡಿದ್ದೆ, ಉಂಡಿದ್ದನ್ನು ನೋಡಿದ್ದೆ. ಸುಮ್ಮನೆ ಕೂತದ್ದನ್ನು ನೋಡಿರಲೇ ಇಲ್ಲ. ರೇಡಿಯೋ ಬಿಚ್ಚಿದರು. ಇಸ್ತ್ರಿಪೆಟ್ಟಿಗೆ ಬಿಚ್ಚಿದರು. ಪಕ್ಕದ ಮನೆಯ ನಾಗರತ್ನಮ್ಮನ ಮಿಕ್ಸಿ ಚೆನ್ನಾಗಿಯೇ ಓಡುತ್ತಿತ್ತು, ಅದನ್ನೂ ತರಿಸಿಕೊಂಡು ಬಿಚ್ಚಿದರು. ಮುಂಬಾಗಿಲಿಗೊಂದು ಕಾಲಿಂಗ್ ಬೆಲ್, ಹಿತ್ತಲ ಬಾಗಿಲಿಗೊಂದು, ಬಚ್ಚಲುಮನೆಗೂ ಒಂದು. "ಬಚ್ಚಲಿಗೆ ಯಾಕ್ರೀ?" ಎಂದೆ. "ಸೋಪು ಖಾಲಿಯಾದ್ರೆ ಒತ್ತಬಹುದು" ಎಂದರು. ಎಲ್ಲ ಮುಗಿದ ಮೇಲೆ ಪಡಸಾಲೆಯಿಂದ ಗೇಟಿಗೆ, ಗೇಟಿನಿಂದ ಪಡಸಾಲೆಗೆ ನಡೆಯತೊಡಗಿದರು. ಅವರ ಚಪ್ಪಲಿಯ ಸದ್ದಿಗೆ ನನಗೆ ಅಕ್ಕಿ ಆರಿಸಿದ್ದು ಲೆಕ್ಕ ತಪ್ಪಿ ಕಲ್ಲು ಉಳಿಯುತ್ತಿತ್ತು.

ಈಗ ನನ್ನ ಕಡೆಯ ವಿಷಯ ಸ್ವಲ್ಪ ಹೇಳಬೇಕು. ನಾನು ಹುಟ್ಟಿದ್ದು ಹೊಳೆಹೊನ್ನೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ತುಂಗೆಯೂ ಭದ್ರೆಯೂ ಕೂಡುವ ಕೂಡ್ಲಿಗೆ ನಮ್ಮೂರಿಂದ ಎತ್ತಿನ ಗಾಡಿಯಲ್ಲಿ ಹೋಗಿಬರಬಹುದಿತ್ತು. ಒಮ್ಮೆ ಶಾಲೆಯಿಂದ ನಮ್ಮನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋದರು. ಎರಡು ಹೊಳೆ ಸೇರಿ ಒಂದಾಗಿ ಮುಂದೆ ಹೋಗುವುದನ್ನು ಕಂಡು, ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ಮೇಷ್ಟ್ರನ್ನು ಕೇಳಬೇಕೆನಿಸಿತು. ಕೇಳುವ ಧೈರ್ಯ ಇರಲಿಲ್ಲ. ಪಕ್ಕದಲ್ಲಿದ್ದ ಗೆಳತಿ ಗಂಗೆಯ ಕಿವಿಯಲ್ಲಿ ಹೇಳಿದೆ, ಅವಳು ಗಟ್ಟಿಯಾಗಿ ಕೇಳಿದಳು. ಮೇಷ್ಟ್ರು ಅವಳ ಬೆನ್ನು ತಟ್ಟಿ, "ಜಾಣೆ! ಇದು ಹರಿಹರ, ಹಂಪಿ ಎಲ್ಲ ದಾಟಿ, ಕರ್ನೂಲಿನ ಆಚೆ ಕೃಷ್ಣೆಗೆ ಸೇರುತ್ತೆ. ಅಲ್ಲಿಗೆ ಇದರ ಹೆಸರು ಮುಗೀತು" ಎಂದರು. ಶಭಾಷ್‌ಗಿರಿ ಗಂಗೆಗೆ ಹೋಯಿತು. ನಿದ್ದೆ ಕೆಟ್ಟದ್ದು ನನಗೆ. ನಮ್ಮ ಕಣ್ಣೆದುರಿಗೆ ಹುಟ್ಟಿದ ಹೆಸರು ಮುಗಿಯುವ ಜಾಗವನ್ನು ನೋಡಬೇಕು ಎಂಬ ಹುಳ ಅಂದು ತಲೆಗೆ ಹೊಕ್ಕಿತು.

ಮದುವೆಯಾದ ಹೊಸದರಲ್ಲಿ, ಬಹಳ ನಾಚಿಕೊಂಡು, ಇದನ್ನು ಅಜ್ಜನಿಗೆ ಹೇಳಿದ್ದೆ. "ಹೋಗೋಣ ಬಿಡು, ಹೊಳೆ ಪಕ್ಕಕ್ಕೇ ಹೋಗಿಬಿಡೋಣ" ಎಂದಿದ್ದರು. ಆಮೇಲೆ ಪಾಳಿ, ನಿಮ್ಮಮ್ಮನ ಓದು, ಅವಳ ಮದುವೆ. ನಾನು ಎರಡನೇ ಸಲ ಹೇಳಲಿಲ್ಲ. ನನಗೆ ಒಂದು ಮಾತನ್ನು ಎರಡು ಸಲ ಹೇಳಲು ಬರುವುದಿಲ್ಲ.

ಅಲ್ಲದೆ ನನ್ನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗುವುದೇ ಒಂದು ಕಷ್ಟ. ಹರಿಹರದಲ್ಲಿ ಒಂದು ಮದುವೆಗೆ ಹೋದಾಗ ಛತ್ರದ ಬಚ್ಚಲಿಗೆ ಚಿಲಕ ಇರಲಿಲ್ಲ. ಎರಡು ದಿನ ನಾನು ಸ್ನಾನ ಮಾಡಲಿಲ್ಲ, ಸ್ನಾನವಿಲ್ಲದೆ ಲಿಂಗಪೂಜೆ ಇಲ್ಲ, ಪೂಜೆಯಿಲ್ಲದೆ ಊಟ ಇಲ್ಲ. ಬಾಳೆಹಣ್ಣು ಕೂಡ ಮುಟ್ಟದೆ ಮದುವೆಮನೆಯಲ್ಲಿ ಉಪವಾಸ ಬಿದ್ದೆ. ಬೀಗರು, ಏನೋ ಮುನಿಸು ಎಂದುಕೊಂಡರು. ಅಂದು ಬಸ್ಸಿನಲ್ಲಿ ಅಜ್ಜ ಎಂದರು: "ನಿನ್ನ ಕರ್ಕೊಂಡು ಹೋಗ್ಬೇಕು ಅಂದ್ರೆ ಮನೇನೇ ಎತ್ಕೊಂಡು ಹೋಗ್ಬೇಕು ಮಾರಾಯ್ತಿ."

ಆ ಮಾತು ಅವರಿಗೆ ನೆನಪಿತ್ತೆಂದು ಗೊತ್ತಾದದ್ದು ಅವರು ಹರಾಜಿನಲ್ಲಿ ಒಂದು ವ್ಯಾನು ತಂದು ಮನೆಯ ಮುಂದೆ ನಿಲ್ಲಿಸಿದ ದಿನ. ಅದು ಹಳ್ಳಿ ಹಳ್ಳಿಗೆ ಹೋಗಿ ಕುಟುಂಬ ಯೋಜನೆಯ ಸಿನಿಮಾ ತೋರಿಸುತ್ತಿದ್ದ ಸರ್ಕಾರಿ ವ್ಯಾನು. ಒಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರ. ಅಜ್ಜ ಅದಕ್ಕೆ ಕೆನೆಬಣ್ಣ ಬಳಿಸಿದರೂ ಪಕ್ಕದಲ್ಲಿದ್ದ ಕೆಂಪು ತ್ರಿಕೋನವೂ ಅದರ ಪಕ್ಕದ ಅಪ್ಪ, ಅಮ್ಮ, ಎರಡು ಮಕ್ಕಳೂ ಬಣ್ಣದಡಿಯಿಂದ ಮಸುಕಾಗಿ ಇಣುಕುತ್ತಿದ್ದರು. ನಾಗರತ್ನಮ್ಮ ಕಾಂಪೌಂಡಿನ ಆಚೆಯಿಂದ, "ಏನ್ ಅಕ್ಕ, ಈ ವಯಸ್ಸಲ್ಲಿ ನಿಮಗ್ಯಾಕೆ ಈ ಗಾಡಿ? ಇಷ್ಟು ತಡವಾಗಿ ಬುದ್ಧಿ ಬಂತಾ?" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕಳು. ನಾನು ಒಳಗೆ ಓಡಿ ಅಡುಗೆಮನೆ ಬಾಗಿಲು ಹಾಕಿಕೊಂಡೆ.

"ಹೊಳೆ ಜೊತೆ ಕರ್ನೂಲಿನ ತನಕ" ಎಂದು ಅಜ್ಜ ಬಾಗಿಲಾಚೆ ನಿಂತು ಹೇಳಿದರು. "ಬಚ್ಚಲಿಗೆ ಚಿಲಕ ಹಾಕಿಸ್ತೀನಿ. ಬೆಳಗಿನ ಜಾವ ನೀನು ಪೂಜೆಗೆ ಕೂರೋಕೆ ಒಳ್ಳೆ ದೀಪ ಹಾಕ್ತೀನಿ. ಒಂದು ತಿಂಗಳು. ದಸರಾ ಮುಗಿದ ಮಾರನೇ ದಿನ ಹೊರಡೋದು."

ನಾನು ಅಂದೇ ಶೇಂಗಾ ಚಟ್ನಿಪುಡಿ ಮಾಡಿದೆ, ದಾರಿಗೆ ಬೇಕಲ್ಲ.

ಮಲಗುವ ಹಲಗೆ, ಸ್ಟೌವಿನ ಕಟ್ಟೆ, ಮೂಲೆಯಲ್ಲಿ ತಗಡಿನ ಬಚ್ಚಲು, ಇವೆಲ್ಲ ಬಡಗಿಯ ಕೆಲಸ, ಬೇಗ ಆದವು. ಕರೆಂಟಿನ ಕೆಲಸಕ್ಕೆ ಅಜ್ಜ ಬೇರೆಯವರ ಕೈ ತಾಗಗೊಡಲಿಲ್ಲ. ಮನೆ ಕಟ್ಟಿಸಿದಾಗ ಉಳಿದಿದ್ದ ವೈರಿನ ಸುರುಳಿ ಅಟ್ಟದ ಮೇಲಿತ್ತು. ಅದನ್ನೇ ಎಳೆದರು, ಡ್ರೈವರ್ ಸೀಟಿನ ಕೆಳಗಿದ್ದ ಬ್ಯಾಟರಿಯಿಂದ ವ್ಯಾನಿನ ಹಿಂದಿನ ತುದಿಯವರೆಗೆ. ವೈರು ಸಣ್ಣದಲ್ಲವೇ ಎಂದು ಬಡಗಿ ಕೇಳಿದ್ದಕ್ಕೆ, "ನಾನೂರ ನಲವತ್ತಕ್ಕೆ ಕೈ ಹಾಕ್ದೋನು ನಾನು. ಹನ್ನೆರಡು ವೋಲ್ಟು ಅಂದ್ರೆ ಏನಯ್ಯ, ಅದು ಕರೆಂಟಲ್ಲ, ಕರೆಂಟಿನ ಮರಿ" ಎಂದರು. ಮನೆಯ ಗೋಡೆಗೆ ಹೊಡೆಯುವ ಹಾಗೆ ಮರದ ಪಟ್ಟಿ ಹೊಡೆದು ಅದರ ಮೇಲೆ ವೈರು ಕೂರಿಸಿದರು. ಮನೆಯಲ್ಲಿರುವಂಥದೇ ಸ್ವಿಚ್‌ಬೋರ್ಡು. ಕೊನೆಗೆ ವ್ಯಾನಿನ ಬಾಗಿಲಿಗೆ ಒಂದು ಕಾಲಿಂಗ್ ಬೆಲ್. ಕಾಡಿನ ದಾರಿಯಲ್ಲಿ ಅದನ್ನು ಯಾರು ಬಂದು ಒತ್ತುತ್ತಾರೋ ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ.

ದೀಪ ಹತ್ತಿಸಿದ ದಿನ ಅಜ್ಜ ಹುಬ್ಬು ಗಂಟಿಕ್ಕಿಕೊಂಡು ಬಲ್ಬನ್ನು ನೋಡಿದರು. "ಮಂಕಾಯ್ತು" ಎಂದರು. ದೊಡ್ಡ ಬಲ್ಬು ಹಾಕಿದರು. ಅದೂ ಮಂಕು. ಬ್ಯಾಟರಿಯದೇ ತಪ್ಪು ಎಂದು ಇನ್ನೊಂದು ಬ್ಯಾಟರಿ ತಂದು ಪಕ್ಕದಲ್ಲಿಟ್ಟರು. ದಸರಾ ಮುಗಿದು ದೀಪಾವಳಿ ಬಂತು. ಬಲ್ಬು ತೆಗೆದು ಪುಟ್ಟ ಟ್ಯೂಬ್‌ಲೈಟು ಹಾಕಿದರು, ಅದು ಸಾಲದೆಂದು ಇನ್ನೊಂದು. ಟ್ಯೂಬ್‌ಲೈಟು ಬಂದಮೇಲೆ ಫ್ಯಾನು ಯಾಕಿರಬಾರದು? ಫ್ಯಾನು ಬಂತು. ಸಂಕ್ರಾಂತಿಯೂ ಬಂತು. "ಶಿವರಾತ್ರಿ ಕಳೀಲಿ" ಎಂದರು. ನಿಮ್ಮಮ್ಮ ದಾವಣಗೆರೆಯಿಂದ ಫೋನು ಮಾಡಿ, "ಅಪ್ಪ, ಬಸ್ಸಲ್ಲಿ ಹೋಗ್ಬನ್ನಿ, ನಾಲ್ಕು ದಿನದ ಕೆಲಸ" ಎಂದರೆ, "ಬಸ್ಸಲ್ಲಿ ಎಲ್ಲಾರೂ ಹೋಗ್ತಾರೆ" ಎಂದು ಫೋನು ಇಟ್ಟರು.

ಪ್ರತಿ ಸಲವೂ ನಾನು ಚೀಲ ಕಟ್ಟುತ್ತಿದ್ದೆ, ಬಿಚ್ಚುತ್ತಿದ್ದೆ. ಚಟ್ನಿಪುಡಿ ಮುಗ್ಗಲು ವಾಸನೆ ಹಿಡಿದರೆ ಚೆಲ್ಲಿ ಹೊಸದು ಮಾಡುತ್ತಿದ್ದೆ. ನಿಂತ ವ್ಯಾನಿನೊಳಗೆ ಹೋಗಿ ಸ್ಟೀಲು ಡಬ್ಬಿಗಳನ್ನು ಒರೆಸಿ, ಜೋಡಿಸಿ, ಮತ್ತೆ ತೆಗೆದು, ಬೇರೆ ಥರ ಜೋಡಿಸುತ್ತಿದ್ದೆ. ಗಾಜನೂರಿನಲ್ಲಿ ಅಣೆಕಟ್ಟೆಯ ಬಾಗಿಲು ತೆಗೆದರು ಎಂದು ಯಾರಾದರೂ ಹೇಳಿದರೆ, ಆ ನೀರು ಈಗ ಕೂಡ್ಲಿ, ನಾಳೆ ಹರಿಹರ ಎಂದು ಮನಸ್ಸು ಅದರ ಹಿಂದೆಯೇ ಓಡುತ್ತಿತ್ತು. ಮನೆಯಲ್ಲಿ ಇದ್ದವರು ಇಬ್ಬರು. ಒಬ್ಬರು ಗೇಟಿಗೂ ವ್ಯಾನಿಗೂ ನಡೆಯುವವರು, ಇನ್ನೊಬ್ಬಳು ಅಡುಗೆಮನೆಗೂ ವ್ಯಾನಿಗೂ. ದಾರಿಯಲ್ಲಿ ಸಿಕ್ಕರೆ ಒಬ್ಬರಿಗೊಬ್ಬರು ಜಾಗ ಬಿಡುತ್ತಿದ್ದೆವು.

ಆಗ ಫ್ಯೂಸು ಹೋಗಲು ಶುರುವಾಯಿತು. ದೀಪ ಎರಡೂ ಹಾಕಿ ಫ್ಯಾನು ತಿರುಗಿಸಿದರೆ ಹತ್ತು ನಿಮಿಷಕ್ಕೆ ಟಪ್ಪೆಂದು ಆರುತ್ತಿತ್ತು. ಅಜ್ಜ ಒಂದು ತುಂಡು ವೈರು ಸುಲಿದು, ಅದರ ತಾಮ್ರದ ಎಳೆಯನ್ನು ಫ್ಯೂಸಿಗೆ ಸುತ್ತಿದರು. ಅದೂ ಹೋಯಿತು. ಎರಡೆಳೆ ಸುತ್ತಿದರು. ಆಮೇಲೆ ನಾಲ್ಕೆಳೆ. ನಾಲ್ಕೆಳೆ ಹೋಗಲಿಲ್ಲ. "ನೋಡಿದ್ಯಾ, ಹೆಂಗೆ ನಿಂತ್ಕೊಳ್ತು?" ಎಂದು ಮೀಸೆ ತಿರುವಿದರು. ಈ ಕೆಲಸವನ್ನು ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಮಾಡುತ್ತಿದ್ದರು, ಆದ್ದರಿಂದ ನನಗೂ ತಪ್ಪೆನಿಸಲಿಲ್ಲ.

ಮರುದಿನ ಸಂಜೆ ದೀಪ, ಫ್ಯಾನು ಎಲ್ಲ ಹಾಕಿಕೊಂಡು ವ್ಯಾನಿನ ಒಳಗೋಡೆ ಒರೆಸುತ್ತಿದ್ದೆ. ಕೈ ವೈರಿನ ಮೇಲೆ ಹೋಯಿತು. ಬೆಚ್ಚಗಿತ್ತು. ನಿಮ್ಮಮ್ಮ ಎಳೆಗೂಸಾಗಿದ್ದಾಗ ಜ್ವರ ಬಂದರೆ ಹಣೆ ಹೇಗಿರುತ್ತಿತ್ತೋ ಹಾಗೆ. ಹಿಂಗೈ ಇಟ್ಟು ನೋಡಿದೆ. ಬ್ಯಾಟರಿಯ ಕಡೆಗೆ ಹೋದಷ್ಟೂ ಬಿಸಿ. ಮರದ ಪಟ್ಟಿಯಿಂದ ಸೀದ ವಾಸನೆ.

"ರೀ, ವೈರು ಬಿಸಿಯಾಗಿದೆ."

"ಬಿಸಿಲಿಗೆ ಕಣೇ."

"ಬಿಸಿಲು ಆ ಕಡೆ ಇದೆ."

"ಹಂಗಾದ್ರೆ ನಿನ್ನ ಕೈ ಬಿಸಿ ಇದೆ."

ಮಾತು ಅಲ್ಲಿಗೆ ಮುಗಿಯಿತು. ಕರೆಂಟಿನ ವಿಷಯದಲ್ಲಿ ಅವರಿಗೆ ಮತ್ತೊಮ್ಮೆ ಹೇಳುವುದೆಂದರೆ ಮಠದ ಸ್ವಾಮಿಗಳಿಗೆ ವಿಭೂತಿ ಹಚ್ಚಲು ಕಲಿಸಿದಂತೆ. ಆದರೆ ಸುಮ್ಮನಿರಲೂ ಆಗಲಿಲ್ಲ. ಶಿವರಾತ್ರಿ ಹತ್ತಿರ ಬಂದಿತ್ತು. ಈ ಸಲ ಹೊರಟೇಬಿಟ್ಟರೆ? ಎಲ್ಲೋ ದಾರಿಯಲ್ಲಿ, ಸೀಟಿನ ಕೆಳಗೆ ಎರಡು ಬ್ಯಾಟರಿ, ಪಕ್ಕದಲ್ಲಿ ಸೀಮೆಎಣ್ಣೆ ಸ್ಟೌವು, ನಡುವೆ ಈ ಬಿಸಿ ವೈರು. ಹೊರಡದೆ ಇದ್ದರೆ ಒಂದು ಸಂಕಟ, ಹೊರಟರೆ ಇನ್ನೊಂದು ಸಂಕಟ.

ಆಗ ಸೆಲ್ವಂ ನೆನಪಾದ. ಮಾಚೇನಹಳ್ಳಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಲಾರಿಗಳ ವೈರಿಂಗ್ ಮಾಡುತ್ತಿದ್ದವನು. ಭದ್ರಾವತಿಯ ತಮಿಳರ ಪೈಕಿ. ವ್ಯಾನು ತಂದ ಹೊಸದರಲ್ಲಿ ಹಾರನ್ನು ಸರಿಮಾಡಲು ಬಂದಾಗ ಅಜ್ಜ ಎಳೆಯುತ್ತಿದ್ದ ವೈರು ನೋಡಿ, "ಸಾರ್, ವೈರ್ ಸಣ್ಣ ಆಗೋಯ್ತು" ಎಂದಿದ್ದ. ಅಜ್ಜ ಅವನನ್ನು ಮತ್ತೆ ಕರೆಯಲಿಲ್ಲ. "ಹಾರನ್ ಊದೋನು ನನಗೆ ಪಾಠ ಹೇಳ್ತಾನೆ" ಎಂದು ಎರಡು ದಿನ ಗೊಣಗಿದ್ದರು.

ಅಜ್ಜ ಹಳೆಯ ಜೊತೆಗಾರರನ್ನು ನೋಡಲು ಗುರುವಾರ ಭದ್ರಾವತಿಗೆ ಹೋಗುತ್ತಿದ್ದರು. ಅವರು ಹತ್ತಿದ ಬಸ್ಸಿನ ಹಿಂದಿನ ಬಸ್ಸನ್ನು ನಾನು ಹತ್ತಿದೆ. ಜೀವನದಲ್ಲಿ ಮೊದಲ ಸಲ ಅವರಿಗೆ ಹೇಳದೆ ಹೊಸಿಲು ದಾಟಿದ್ದೆ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಉರು ಹೊಡೆದೆ: "ನಮ್ಮ ವ್ಯಾನಿನ ವೈರು ಬಿಸಿಯಾಗುತ್ತಪ್ಪ, ಏನು ಮಾಡೋದು." ಇಷ್ಟೇ ಮಾತು.

ಮಾಚೇನಹಳ್ಳಿಯಲ್ಲಿ ಇಳಿದು ನೋಡಿದರೆ ಎಲ್ಲಿ ನೋಡಿದರಲ್ಲಿ ಲಾರಿ, ಎಲ್ಲಿ ನೋಡಿದರಲ್ಲಿ ಗಂಡಸರು. ಸೆಲ್ವಂ ಒಂದು ಲಾರಿಯ ಅಡಿಯಿಂದ ತಲೆ ಹೊರಗೆ ಹಾಕಿ, ನನ್ನ ಗುರುತು ಸಿಗದೆ, "ಅಮ್ಮಾ, ಬಸ್ ಇಲ್ಲಿ ನಿಲ್ಲಲ್ಲ, ಅಲ್ಲಿ ನಿಲ್ಲೋದು" ಎಂದು ಕೈ ತೋರಿಸಿದ. ನಾನು ತಲೆಯಾಡಿಸಿ, ಅವನು ತೋರಿಸಿದ ಕಡೆ ಹೋಗಿ ನಿಂತೆ! ಒಂದು ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಕಂಡಕ್ಟರ್, "ಹತ್ತಮ್ಮ, ಶಿಮೊಗ್ಗ, ಶಿಮೊಗ್ಗ" ಎಂದ. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೂ ಬಿಟ್ಟೆ. ಆ ಸೀದ ಮರದ ವಾಸನೆ ಮೂಗಿಗೆ ಬಂದ ಹಾಗಾಗಿ ಕಾಲು ಹಿಂದಕ್ಕೆ ತೆಗೆದೆ. "ಬೆಳ್ ಬೆಳಿಗ್ಗೆ ಏನಮ್ಮ ನಿಂದು" ಎಂದು ಬೈದು ಕಂಡಕ್ಟರ್ ಸೀಟಿ ಊದಿದ.

ಮತ್ತೆ ಶೆಡ್ಡಿಗೆ ಹೋಗಿ, ಲಾರಿಯ ಅಡಿಯಲ್ಲಿ ಕಾಣುತ್ತಿದ್ದ ಎರಡು ಪಾದಗಳಿಗೆ ನನ್ನ ಮಾತು ಒಪ್ಪಿಸಿದೆ. ಮುಖ ಕಾಣದ್ದರಿಂದ ಸಲೀಸಾಯಿತು.

ಸೆಲ್ವಂ ಹೊರಗೆ ಬಂದ. "ಓ, ತ್ರಿಕೋನ ವ್ಯಾನ್ ಅಮ್ಮಾ! ಸಾರ್ ಎಲ್ಲಿ?"

"ಸಾರ್‌ಗೆ ಗೊತ್ತಿಲ್ಲ" ಎಂದೆ. ಕಿವಿ ಕಾದ ಕಾವಲಿಯಾಗಿತ್ತು.

ಅವನು ನಗಲಿಲ್ಲ. ಎಣ್ಣೆಕೈಯನ್ನು ಬಟ್ಟೆಗೆ ಒರೆಸಿಕೊಂಡು ಎಲ್ಲ ಕೇಳಿದ. ನಾಲ್ಕೆಳೆ ತಾಮ್ರ ಎಂದಾಗ ಮಾತ್ರ ತಲೆಯ ಮೇಲೆ ಕೈ ಇಟ್ಟುಕೊಂಡ. "ಅಯ್ಯೋ ಅಮ್ಮಾ! ಫ್ಯೂಸ್ ಅಂದ್ರೆ ವಾಚ್‌ಮನ್. ಕಳ್ಳ ಬಂದ್ರೆ ಕೂಗ್ಲಿ ಅಂತ ಇಡೋದು. ನೀವು ವಾಚ್‌ಮನ್ ಬಾಯಿ ಕಟ್ಟಿಬಿಟ್ರಲ್ಲ! ಹನ್ನೆರಡು ವೋಲ್ಟ್ ಸಣ್ಣದು, ನಿಜ. ಅದ್ಕೇ ವೈರ್ ದಪ್ಪ ಬೇಕು."

ಸಣ್ಣ ಕರೆಂಟಿಗೆ ದಪ್ಪ ವೈರು ಯಾಕೆ? ನನಗೆ ತಲೆಗೆ ಹೋಗಲಿಲ್ಲ. ಅವನು ವೋಲ್ಟು, ಆಂಪಿಯರ್ ಎಂದು ಏನೇನೋ ಹೇಳಿ, ಕೊನೆಗೆ "ನೀರು ಥರ ಅಮ್ಮಾ, ತಳ್ಳೋ ಫೋರ್ಸ್ ಕಮ್ಮಿ ಇದ್ರೆ ಪೈಪ್ ದೊಡ್ಡದು ಬೇಕಲ್ಲ" ಎಂದ. ಆಗ ಥಟ್ಟನೆ ನಮ್ಮಪ್ಪನ ಗದ್ದೆ ಕಂಡಿತು. ಭದ್ರಾ ನಾಲೆಯ ಕೊನೆಯಲ್ಲಿತ್ತು ಅದು. ಅಲ್ಲಿ ಇಳಿಜಾರು ಕಡಿಮೆ. ಕಾಲುವೆ ಹೂಳು ತುಂಬಿ ಕಿರಿದಾದರೆ ನಮಗೆ ನೀರೇ ಬರುತ್ತಿರಲಿಲ್ಲ. ಮೇಲಿನವರು ತೂಬು ಎತ್ತಿ ಹೆಚ್ಚು ಬಿಟ್ಟರೆ ಕಾಲುವೆಯ ದಂಡೆಯೇ ಒಡೆಯುತ್ತಿತ್ತು. ಅಪ್ಪ ಗುದ್ದಲಿ ಹಿಡಿದು ಕಾಲುವೆ ಅಗಲ ಮಾಡುತ್ತಿದ್ದರು, ನಾನು ಬುಟ್ಟಿಯಲ್ಲಿ ಕೆಸರು ಹೊರುತ್ತಿದ್ದೆ. ಅಜ್ಜ ಮಾಡುತ್ತಿದ್ದದ್ದೇನು? ಕಾಲುವೆ ಕಿರಿದೇ ಇಟ್ಟು ತೂಬು ಎತ್ತುತ್ತಲೇ ಇದ್ದರು.

"ತಿಳೀತಪ್ಪ" ಎಂದೆ. "ನಾನೇ ಹಾಕಬಹುದಾ?"

ಸೆಲ್ವಂ ನನ್ನ ಕೈ ನೋಡಿದ. "ಹಾಕಿ" ಎಂದು ಒಂದು ಲಾರಿಯ ಬ್ಯಾಟರಿಯಲ್ಲಿ ಎಲ್ಲ ತೋರಿಸಿಕೊಟ್ಟ. "ಈಗ ಮೊದಲು ಏನು ಮಾಡ್ಬೇಕು, ಹೇಳಿ ನೋಡೋಣ?"

"ಬ್ಯಾಟರಿ ಮೈನಸ್ ಬಿಚ್ಚಬೇಕು."

"ಕೊನೇಲಿ?"

"ಮೈನಸ್ ಕಟ್ಟಬೇಕು."

ಮಗ್ಗಿ ಒಪ್ಪಿಸಿದ ಹಾಗೆ ನಾಲ್ಕು ಸಲ ಹೇಳಿಸಿದ. ದಪ್ಪ ವೈರು, ಹದಿನೈದು ಆಂಪಿಯರಿನ ಎರಡು ಫ್ಯೂಸು, ಒಂದು ಟೇಪು ಕೊಟ್ಟ. ಅವನ್ನು ಚೀಲದಲ್ಲಿಟ್ಟು ಮೇಲೆ ಹರಿವೆ ಸೊಪ್ಪು ಹೊದಿಸಿ ಮನೆಗೆ ತಂದು ಅಕ್ಕಿಡಬ್ಬಿಯಲ್ಲಿ ಹೂತಿಟ್ಟೆ.

ಅಜ್ಜ ಬೆಳಿಗ್ಗೆ ವಾಕಿಂಗಿಗೆಂದು ಹೋಗಿ, ಹೋಟೆಲಿನಲ್ಲಿ ಕಾಫಿ ಕುಡಿದು ಬರಲು ಒಂದೂವರೆ ಗಂಟೆ ಬೇಕು. ಮೂರು ಬೆಳಗು ಆ ಹೊತ್ತನ್ನು ಕದ್ದೆ. ಕೆಲಸ ಹೊಸದೆನಿಸಲಿಲ್ಲ. ವೈರಿನ ಸಿಪ್ಪೆ ಸುಲಿಯುವುದು ಹುರುಳಿಕಾಯಿ ನಾರು ತೆಗೆದಂತೆ. ತಾಮ್ರದ ಎಳೆಗಳನ್ನು ಹೊಸೆಯುವುದು ಹೂಬತ್ತಿ ಹೊಸೆದಂತೆ. ಆ ಕೆಲಸ ಐದು ವರ್ಷದವಳಿದ್ದಾಗಿನಿಂದ ಮಾಡಿದ್ದೇನೆ. ಮೈನಸ್ ವೈರನ್ನು ವ್ಯಾನಿನ ಮೈಗೇ ಕಟ್ಟುವ ಜಾಗದಲ್ಲಿ ಬಣ್ಣ ಕೆರೆದು ಕಬ್ಬಿಣ ಹೊಳೆಯುವ ಹಾಗೆ ಮಾಡಬೇಕೆಂದು ಸೆಲ್ವಂ ಹೇಳಿದ್ದ. ಸೀದ ಬೋಗುಣಿಯ ತಳ ಉಜ್ಜಿದವಳಿಗೆ ಅದೇನು ಮಹಾ? ಹಳೆಯ ವೈರನ್ನು ಕಿತ್ತು ಹೊಸದನ್ನು ಅದೇ ಮರದ ಪಟ್ಟಿಯ ಮೇಲೆ ಕೂರಿಸಿದೆ, ನಾಲ್ಕೆಳೆ ತಾಮ್ರ ತೆಗೆದು ಹೊಸ ಫ್ಯೂಸು ಹಾಕಿದೆ. ಬೇರೆ ವೈರೆಂದು ಅಜ್ಜ ಮೊದಲ ನೋಟಕ್ಕೇ ಹಿಡಿಯುತ್ತಾರೆ ಎಂದುಕೊಂಡಿದ್ದೆ. ಮೂರು ದಿನ ಅವರು ವ್ಯಾನಿನಲ್ಲಿ ಓಡಾಡಿದರು, ಏನೂ ಹೇಳಲಿಲ್ಲ. ನನಗೆ ಆಗಲೇ ಹೊಳೆಯಬೇಕಿತ್ತು.

ಮೂರನೆಯ ದಿನ ಮುಸ್ಸಂಜೆ ಬೀದಿಯ ಕರೆಂಟು ಹೋಯಿತು. "ಬಾ, ದೀಪ ನೋಡೋಣ" ಎಂದರು ಅಜ್ಜ. ನಾನೇ ಸ್ವಿಚ್ಚು ಒತ್ತಿದೆ.

ಮಕ್ಕಳೇ, ಆ ಬೆಳಕನ್ನು ಹೇಗೆ ಹೇಳಲಿ! ಹಾಲು ಚೆಲ್ಲಿದ ಹಾಗೆ ವ್ಯಾನೆಲ್ಲ ಬೆಳ್ಳಗಾಯಿತು. ಡಬ್ಬಿಗಳು ಹೊಳೆದವು. ಮೂಲೆಯಲ್ಲಿ ಸಾಲು ಹಿಡಿದಿದ್ದ ಇರುವೆಗಳನ್ನು ಎಣಿಸಬಹುದಿತ್ತು. ವೈರಿಗೆ ಹಿಂಗೈ ಇಟ್ಟೆ, ತಣ್ಣಗಿತ್ತು. ಖುಷಿಗೆ ಕುಣಿಯಬೇಕೆನಿಸಿತು. ಅಜ್ಜನ ಮುಖ ನೋಡಿದೆ.

ಅವರು ಹುಬ್ಬು ಗಂಟಿಕ್ಕಿಕೊಂಡು ಟ್ಯೂಬ್‌ಲೈಟನ್ನೇ ನೋಡುತ್ತಿದ್ದರು. "ಮಂಕೇ ಕಣೇ" ಎಂದರು. "ಮೂರನೇ ಬ್ಯಾಟರಿ ಇಡ್ಬೇಕು."

ನನ್ನ ಕೈ ವೈರಿನ ಮೇಲೆಯೇ ಉಳಿಯಿತು. ನಮ್ಮ ಹಳ್ಳಿಮನೆಯಲ್ಲಿ ಅಪ್ಪನ ತಾಯಿ ಪ್ರತಿ ಸಂಜೆ ಲಾಟೀನಿನ ಮುಂದೆ ಕೂತು ನನ್ನನ್ನು ಬೈಯುತ್ತಿದ್ದಳು, ಗಾಜು ಸರಿಯಾಗಿ ಒರೆಸಿಲ್ಲ ಎಂದು. ನಾನು ಬೂದಿ ಹಾಕಿ ತಿಕ್ಕಿ ತಿಕ್ಕಿ ಒಂದು ಗಾಜನ್ನು ಒಡೆದೂಬಿಟ್ಟಿದ್ದೆ. ಎಷ್ಟು ತಿಕ್ಕಿದರೂ ಅವಳಿಗೆ ಮಂಕೇ. ಅವಳ ಕಣ್ಣಿಗೆ ಪೊರೆ ಬಂದಿದೆ ಎಂದು ಮನೆಯವರಿಗೆ ತಿಳಿದದ್ದು, ಅವಳು ಹಾಡುಹಗಲೇ ಕೊಟ್ಟಿಗೆಯ ಗೂಟಕ್ಕೆ ಎಡವಿ ಬಿದ್ದ ಮೇಲೆ.

ಒಂದೊಂದಾಗಿ ಎಲ್ಲ ಕಣ್ಣ ಮುಂದೆ ಬಂತು. ಪೇಪರನ್ನು ಕಿಟಕಿಯ ಹತ್ತಿರ ಒಯ್ದು ಓದುವುದು. ಮನೆಯಲ್ಲಿದ್ದ ಸ್ಕೂಟರ್ ಮುಟ್ಟದೆ ಬಸ್ಸಿನಲ್ಲಿ ಭದ್ರಾವತಿಗೆ ಹೋಗುವುದು. ಹೊಸ ವೈರು ಕಾಣದೆ ಇದ್ದದ್ದು.

ಹೇಳಿದರೆ ಅವರು ಡ್ರೈವರ್ ಸೀಟಿನಲ್ಲಿ ಮತ್ತೆ ಕೂರುವುದಿಲ್ಲ, ಹೊಳೆಯೂ ಇಲ್ಲ, ಕರ್ನೂಲೂ ಇಲ್ಲ. ಹೇಳದಿದ್ದರೆ?

"ರೀ" ಎಂದೆ. "ಮಂಕಾಗಿರೋದು ದೀಪ ಅಲ್ಲ."

ಅವರು ಮಲಗುವ ಹಲಗೆಯ ಮೇಲೆ ಕೂತರು. ನಿವೃತ್ತಿಯಾದ ಮೇಲೆ ಅವರು ಅಷ್ಟು ಹೊತ್ತು ಅಲುಗಾಡದೆ ಕೂತದ್ದು ಅದೇ ಮೊದಲು.

"ಗೊತ್ತು" ಎಂದರು. "ದೀಪಾವಳಿಯಿಂದ ಗೊತ್ತು. ಎದುರಿಗೆ ಲಾರಿ ಬಂದ್ರೆ ಅದರ ದೀಪ ಹೂಬಾಣ ಬಿಟ್ಟಂಗೆ ಕಾಣುತ್ತೆ."

"ಮತ್ತೆ ಈ ಬ್ಯಾಟರಿ, ಈ ಫ್ಯಾನು, ಇದೆಲ್ಲ ಯಾಕೆ ಮಾಡಿದ್ರಿ?"

"ಗಾಡಿ ರೆಡಿ ಆಯ್ತು ಅಂದ್ರೆ ನೀನು ಹೊರಡೋಣ ಅಂತೀಯ."

"ನಾನು ಯಾವತ್ತು ಅಂದಿದೀನಿ?"

"ನೀನು ಬಾಯಿ ಬಿಟ್ಟು ಎಲ್ಲಿ ಅಂತೀಯ? ಚಟ್ನಿಪುಡಿ ಮಾಡ್ತೀಯಲ್ಲ. ಆ ವಾಸನೆ ಬಂದ ದಿನ ನನಗೆ ಎದೆ ಧಸಕ್ ಅನ್ನುತ್ತೆ ಮಾರಾಯ್ತಿ. ತಕ್ಷಣ ಸ್ಕ್ರೂಡ್ರೈವರ್ ತಗೊಂಡು ಇಲ್ಲಿ ಬಂದು ಏನಾದ್ರೂ ಒಂದು ಬಿಚ್ತೀನಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಕಣ್ಣಿನ ಡಾಕ್ಟರ ಹತ್ತಿರ ಹೋಗಬಹುದಿತ್ತಲ್ಲ" ಎಂದರೆ, ನಾನೂರ ನಲವತ್ತು ವೋಲ್ಟಿನ ಮನುಷ್ಯ ಚಿಕ್ಕ ಮಗುವಿನ ಹಾಗೆ, "ಕಣ್ಣಿಗೆ ಸೂಜಿ ಚುಚ್ತಾರಂತೆ ಕಣೇ" ಎಂದರು.

ಚುಚ್ಚಿದರು. ಶಿವರಾತ್ರಿಯ ಮಾರನೆಯ ವಾರ ಒಂದು ಕಣ್ಣು, ಮಳೆಗಾಲ ಕಳೆದು ಇನ್ನೊಂದು. ಆಪರೇಷನ್ ಮೇಜಿನ ಮೇಲೆ ಮಲಗಿ, ಮೇಲಿನ ದೀಪ ಎಷ್ಟು ವ್ಯಾಟಿನದು ಎಂದು ಡಾಕ್ಟರನ್ನು ಕೇಳಿದರಂತೆ. ನಡುವಿನ ತಿಂಗಳುಗಳಲ್ಲಿ ಅವರು ನಡೆದದ್ದೆಷ್ಟು, ನಾನು ನಡೆದದ್ದೆಷ್ಟು! ಬಗ್ಗಬಾರದು, ಭಾರ ಎತ್ತಬಾರದು, ಏನೂ ಬಿಚ್ಚಬಾರದು. ಅವರಿಗೆ ಅದು ಜೈಲು, ನನಗೆ ಜೈಲರನ ಕೆಲಸ.

ಎರಡನೇ ಕಣ್ಣೂ ವಾಸಿಯಾಗಿ ಡಾಕ್ಟರು ಕನ್ನಡಕ ಕೊಟ್ಟು, ಇನ್ನು ಗಾಡಿ ಓಡಿಸಬಹುದು ಎಂದ ದಿನ, ಅಜ್ಜ ಸೀದಾ ವ್ಯಾನಿಗೆ ಹೋದರು. ದೀಪ ಹಾಕಿದರು. ಒಳಗಿಂದ "ಅಬ್ಬಬ್ಬಾ" ಎಂದದ್ದು ಕೇಳಿಸಿತು. ನಾನು ಕಾಫಿ ತೆಗೆದುಕೊಂಡು ಹೋದಾಗ ಮರದ ಪಟ್ಟಿಗೆ ಮುಖ ಹತ್ತಿರ ಹಿಡಿದು ನೋಡುತ್ತಿದ್ದರು.

"ಈ ವೈರು ಯಾರದು?"

ಲೋಟ ಕೆಳಗಿಟ್ಟೆ. "ನಾನೇ ಹಾಕಿದ್ದು. ಸೆಲ್ವಂ ಹೇಳ್ಕೊಟ್ಟ."

ಬೈಗುಳಕ್ಕೆ ಕಾದೆ. ಅವರು ಒಂದೊಂದು ಜಾಯಿಂಟನ್ನೂ ಬೆರಳಿನಿಂದ ಎಳೆದು ನೋಡಿದರು. ಒಂದರ ಮುಂದೆ ನಿಂತು, "ಇಲ್ಲಿ ಟೇಪು ಒಂದು ಸುತ್ತು ಕಮ್ಮಿ" ಎಂದರು. ಆಮೇಲೆ ನನ್ನ ಕಡೆ ತಿರುಗಿದವರು ಹಾಗೇ ನೋಡುತ್ತ ನಿಂತುಬಿಟ್ಟರು. "ಏನೇ, ನಿನ್ನ ತಲೆಯೆಲ್ಲ ಯಾವಾಗ ಇಷ್ಟು ಬೆಳ್ಳಗಾಯ್ತು?"

"ನೀವು ಬ್ಯಾಟರಿ ಮೇಲೆ ಬ್ಯಾಟರಿ ಇಡ್ತಾ ಇದ್ರಲ್ಲ, ಆಗ" ಎಂದೆ. ನಾನು ಹಾಗೆಲ್ಲ ತಿರುಗಿ ಮಾತಾಡಿದವಳಲ್ಲ. ಅದು ಎಲ್ಲಿಂದ ಬಂತೋ.

ಹೊರಡುವ ಮುಂಚೆ ಅಜ್ಜ ತಾವೇ ಮಾಚೇನಹಳ್ಳಿಗೆ ಹೋಗಿ ಸೆಲ್ವಂನನ್ನು ಕರೆತಂದರು. ಇಬ್ಬರೂ ವ್ಯಾನಿನೊಳಗೆ ಒಂದು ಗಂಟೆ ಕೂತಿದ್ದರು. ಏನು ಮಾತಾಡಿಕೊಂಡರೋ, ಹೋಗುವಾಗ ಸೆಲ್ವಂ ಕಾಲಿಂಗ್ ಬೆಲ್ ಒತ್ತಿ ನಗುತ್ತ ಹೋದ.

ಆ ದಾರಿಯಲ್ಲಿ ನಾವು ಏನೇನು ಕಂಡೆವು, ಎಲ್ಲಿ ಕೆಟ್ಟು ನಿಂತೆವು, ಹೊಳೆ ಕೃಷ್ಣೆಗೆ ಸೇರುವಲ್ಲಿ ದಂಡೆಯ ಮೇಲೆ ಎರಡು ದಿನ ಹೇಗೆ ಕಳೆದೆವು ಎಂಬುದನ್ನೆಲ್ಲ ನಿಮ್ಮಮ್ಮನಿಗೆ ಆಗಲೇ ಕಾರ್ಡಿನಲ್ಲಿ ಬರೆದಿದ್ದೆ, ಅವಳ ಹತ್ತಿರ ಇದ್ದರೆ ಕೇಳಿ. ನನಗೆ ಅದಕ್ಕಿಂತ ಹೆಚ್ಚು ನೆನಪಿರುವುದು ಹೊರಟ ಬೆಳಗು.

ಸಾಮಾನು ತುಂಬಿ ಆಗಿತ್ತು. ನಾಗರತ್ನಮ್ಮ, ಹಾಲಿನವನು, ಎದುರುಮನೆಯವರು, ಬೀದಿಗೆ ಬೀದಿಯೇ ಗೇಟಿನ ಮುಂದೆ ನಿಂತಿತ್ತು. ಅಜ್ಜ ಸ್ಟೇರಿಂಗ್ ಹಿಡಿದು ಕೂತರು, ಪಕ್ಕದಲ್ಲಿ ನಾನು. ಕೀಲಿ ಕೈಯಲ್ಲಿದೆ, ತಿರುಗಿಸುತ್ತಿಲ್ಲ. ಮುಂದೆ ನೋಡುತ್ತ ಕೂತೇ ಇದ್ದಾರೆ.

"ಏನಾಯ್ತು?" ಎಂದೆ ಮೆಲ್ಲಗೆ.

"ಏನಿಲ್ಲ. ನೀನು ಹೇಳು, ಹೋಗೋಣ."

ಅಷ್ಟು ಜನ ನೋಡುತ್ತಿದ್ದಾರೆ. ಕಿವಿ ಬಿಸಿಯಾಗತೊಡಗಿತು. ಸೆರಗಿನೊಳಗೇ, "ಹೊರಡೋಣ" ಎಂದೆ.

"ಕೇಳಿಸ್ಲಿಲ್ಲ."

ಕೆಟ್ಟಿದ್ದು ಅವರ ಕಣ್ಣೇ ಹೊರತು ಕಿವಿಯಲ್ಲ. ಬೇಕೆಂದೇ ಮಾಡುತ್ತಿದ್ದಾರೆ ಎಂದು ತಿಳಿಯಿತು. ಮಳೆ ಬೆಳೆ ಎಂದು ಮಾತಾಡಿಕೊಳ್ಳುತ್ತಿದ್ದ ಹಾಲಿನವನೂ ಮಾತು ನಿಲ್ಲಿಸಿ ನನ್ನನ್ನೇ ನೋಡಿದ.

"ಹೊರಡ್ರೀ ಅಂದ್ರೆ!" ಎಂದು ಕೂಗಿದೆ.

ಬೀದಿಯೆಲ್ಲ ಗೊಳ್ಳೆಂದಿತು. ನಾಗರತ್ನಮ್ಮ ಚಪ್ಪಾಳೆ ಹೊಡೆದಳು. ವ್ಯಾನು ಒಮ್ಮೆ ಕೆಮ್ಮಿ, ಮೈ ಕೊಡವಿಕೊಂಡು, ಗೇಟು ದಾಟಿತು. ಅಷ್ಟು ಜೋರಾಗಿ ಕೂಗಿದವಳು ನಾನೇ ಎಂದು ನಂಬಲು ನನಗೆ ಹರಿಹರದವರೆಗೂ ಆಗಲಿಲ್ಲ.